ಕಾಲು ನೋಡಿ ಸ್ವಾಗತ

ಎಡ್ವಿನ್ ವಾರಕ್ಕೆ ಆರು ದಿನ ಶಿವಮೊಗ್ಗದ ಸವಳಂಗ ರಸ್ತೆಯ ಟಿವಿ ಅಂಗಡಿಯ ಬಾಗಿಲಲ್ಲಿ ನಿಂತು ನಗುತ್ತಿದ್ದ. ಬಂದವರ ಚಪ್ಪಲಿ ನೋಡಿದರೆ ಸಾಕು, ಕೊಳ್ಳಲು ಬಂದವರು ಯಾರು, ಎಸಿ ಗಾಳಿಗೆ ಬಂದವರು ಯಾರು ಎಂದು ಹೇಳಬಲ್ಲವನಾಗಿದ್ದ. ಮೂರು ವರ್ಷ ಡಿಗ್ರಿ ಓದಿದ್ದಕ್ಕೆ ಅವನಿಗೆ ಬಂದ ವಿದ್ಯೆ ಅದೊಂದೇ. ಆ ನಗು ಮೆಚ್ಚಿ ಭದ್ರಾವತಿಯ ಅವನ ಚರ್ಚಿನವರು, ನೊಂದವರನ್ನು ಬರಮಾಡಿಕೊಳ್ಳುವ ಹೊಸ ಸಮಿತಿಗೆ ಸೇರಿಸಿ ಎದೆಗೆ ಬ್ಯಾಡ್ಜ್ ಚುಚ್ಚಿದರು.

ಮೊದಲ ಭಾನುವಾರ ಮೆಟ್ಟಿಲ ಬಳಿ ಬೂಟು ಬಿಚ್ಚಿದವರನ್ನು ಅವನು ಮುಂದಿನ ಬೆಂಚಿಗೆ ಕಳಿಸಿದ. ಹವಾಯಿ ಚಪ್ಪಲಿ ಬಿಚ್ಚಿದವರನ್ನು ಹಿಂದಿನ ಪ್ಲಾಸ್ಟಿಕ್ ಕುರ್ಚಿಗೆ. ಆಗ ಅವನದೇ ಬೀದಿಯ ಸೆಲ್ವರಾಜ್ ಬಂದ. ಕಾರ್ಖಾನೆಯ ಕೆಲಸ ಹೋದ ಮೇಲೆ ಕುಡಿತಕ್ಕೆ ಬಿದ್ದು ಮೂರು ವರ್ಷ ಚರ್ಚಿನ ಕಡೆ ತಲೆಹಾಕದ ಮನುಷ್ಯ. ಹವಾಯಿಯ ಪಟ್ಟಿಗೆ ಪಿನ್ನು ಹಾಕಿದ್ದ.

"ಹಿಂದೆ ಕೂತ್ಕೊಳಣ್ಣ, ಗಾಳಿ ಚೆನ್ನಾಗಿ ಬರುತ್ತೆ."

"ಅಂಗಡೀಲಾದ್ರೂ ಏನ್ ಬೇಕು ಸಾರ್ ಅಂತ ಕೇಳ್ತೀಯ ಮಾರಾಯ. ಇಲ್ಲಿ ಅದೂ ಇಲ್ವಲ್ಲೋ!" ಸೆಲ್ವರಾಜ್ ಮತ್ತೆ ಚಪ್ಪಲಿ ಮೆಟ್ಟಿ ಗೇಟಿನತ್ತ ನಡೆದ.

ಎಡ್ವಿನ್ ಬರಿಗಾಲಲ್ಲೇ ಓಡಿದ. ಜಲ್ಲಿ ಚುಚ್ಚಿ ಕುಂಟುತ್ತಲೇ ಕೇಳಿದ: "ಏನ್ ಬೇಕಣ್ಣ?"

"ನಮ್ಮಮ್ಮ ಕೂರ್ತಿದ್ದ ಬೆಂಚು."

ಅದು ಎರಡನೇ ಸಾಲಿನದು. ಅಲ್ಲೀಗ ಸಮಿತಿಯ ಅಧ್ಯಕ್ಷರು ಕಾಲು ಚಾಚಿ ಕೂತಿದ್ದರು. ಎಡ್ವಿನ್ ಅವನನ್ನು ಕರೆತಂದು, "ಸಾರ್, ಸ್ವಲ್ಪ ಸರ್ಕೊಳ್ಳಿ," ಎಂದ.

ಅಧ್ಯಕ್ಷರು ಮೊದಲು ಬಗ್ಗಿ ಬಂದವನ ಕಾಲು ನೋಡಿದರು. ಚಪ್ಪಲಿ ಹೊರಗಿತ್ತು, ಏನೂ ತಿಳಿಯಲಿಲ್ಲ. ಸರಿದು ಕೂತರು.