ಹಿಟ್ಟಣ್ಣ ಬೆಲ್ಟು ಬದಲಾಯಿಸಿದ್ದು

ಹಿಟ್ಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಇರಲಿಲ್ಲವೆಂದಲ್ಲ. ಆದರೆ ಒಮ್ಮೆ ಆಸ್ಪತ್ರೆಯಲ್ಲಿ ಆ ಹೆಸರು ಹಿಡಿದು ಕೂಗಿದಾಗ, ಪಾಪ, ಯಾರೋ ಎದ್ದು ಹೋಗುತ್ತಿಲ್ಲವಲ್ಲ ಎಂದು ಅವನೇ ಅತ್ತಿತ್ತ ನೋಡುತ್ತ ಕೂತಿದ್ದನಂತೆ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನ ಹುಬ್ಬಿನಲ್ಲಿ ಹಿಟ್ಟು, ರೆಪ್ಪೆಯಲ್ಲಿ ಹಿಟ್ಟು, ಮೂಗಿನ ಹೊಳ್ಳೆಯಲ್ಲಿ ಹಿಟ್ಟು. ಸ್ನಾನ ಮಾಡಿ ಬಂದು ನಿಂತರೂ ಹೆಂಡತಿ ಟವೆಲಿನ ತುದಿಯಿಂದ ಅವನ ಕಿವಿಯ ಹಿಂದೆ ಒರೆಸಿ, "ನೋಡ್ರಿ, ಇಲ್ಲೇ ಇನ್ನೂ ಅರ್ಧ ಸೇರು ಹಿಟ್ಟಿದೆ" ಅನ್ನುತ್ತಿದ್ದಳು.

ಮಷೀನಿನ ಪಕ್ಕ ನಿಂತೂ ನಿಂತೂ ಅವನ ಕಿವಿ ಸ್ವಲ್ಪ ಮಂದವಾಗಿತ್ತು. ಆದರೆ ಅಂಗಾಲು? ಅಬ್ಬಬ್ಬಾ! ಮಷೀನಿನ ಬಾಯಲ್ಲಿ ಇನ್ನೆಷ್ಟು ಕಾಳು ಉಳಿದಿದೆ, ಕಲ್ಲು ಸವೆದಿದೆಯೋ ಇಲ್ಲವೋ, ಎಲ್ಲವನ್ನೂ ಬರಿಗಾಲಲ್ಲಿ ನೆಲದ ಮೇಲೆ ನಿಂತೇ ಹೇಳಿಬಿಡುತ್ತಿದ್ದ. ಗಿರಣಿಗೆ ಕಾಲಿಟ್ಟೊಡನೆ ಚಪ್ಪಲಿ ಬಿಡುವುದು ಅದಕ್ಕೇ. ಜನ ಅದನ್ನು ಭಕ್ತಿ ಅಂದುಕೊಂಡಿದ್ದರು. ಅಂದುಕೊಳ್ಳಲಿ ಬಿಡಿ, ನಷ್ಟವೇನು?

ಇಂಥ ಮನುಷ್ಯನಿಗೆ ಬ್ಯಾಂಡಿನ ಹುಚ್ಚು ಹತ್ತಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಹತ್ತಿಸಿದವರು ಡ್ರಿಲ್ ಮೇಷ್ಟ್ರು. ಎಪ್ಪತ್ತೈದು ದಾಟಿದರೂ ಬೆನ್ನು ಬಾಗದ, ಹಾಲು ತರಲು ಹೋಗುವಾಗಲೂ ಎಡ-ಬಲ ಎಡ-ಬಲ ಎಂದು ಹೆಜ್ಜೆ ಹಾಕುವ ಆಸಾಮಿ. ಅವರ ಹಳೆಯ ಶಾಲೆಯ ಉಗ್ರಾಣದಲ್ಲಿ ಬ್ಯಾಂಡಿನ ವಾದ್ಯಗಳು ಧೂಳು ತಿನ್ನುತ್ತ ಬಿದ್ದಿದ್ದವು. ಮೇಷ್ಟ್ರು ಅವನ್ನು ಕೇಳಿ ತಂದು, ಬೀದಿಯವರನ್ನೆಲ್ಲ ಸೇರಿಸಿ, ಹನ್ನೊಂದು ಜನರ ಬ್ಯಾಂಡು ಕಟ್ಟಿದರು. ದರ್ಜಿಗೆ ತುತ್ತೂರಿ, ಕ್ಷೌರಿಕನಿಗೆ ಕ್ಲಾರಿನೆಟ್ಟು, ಬ್ಯಾಂಕಿನ ವಾಚ್‌ಮನ್ನನಿಗೆ ಕಂಚಿನ ತಟ್ಟೆ, ಉಳಿದವರಿಗೆ ಉಳಿದದ್ದು. ಊದಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಉಸಿರು ಎಲ್ಲರಿಗೂ ಇತ್ತು, ಮೇಷ್ಟ್ರು ಅದನ್ನೇ ದೊಡ್ಡ ಬಂಡವಾಳ ಅಂದುಕೊಂಡರು.

ತೊಂದರೆ ಬಂದದ್ದು ಜಾಗಕ್ಕೆ. ವಾಚನಾಲಯದವರು ಒಂದು ದಿನ ಬಿಟ್ಟುಕೊಟ್ಟು ಎರಡನೇ ದಿನ ಬೀಗ ಹಾಕಿದರು. ದರ್ಜಿಯ ಅಂಗಡಿಯಲ್ಲಿ ಊದಿದರೆ ಮೇಲಿನ ಮನೆಯ ಮಗು ಎದ್ದು ಅಳುತ್ತಿತ್ತು, ಮಗು ಅತ್ತರೆ ಮಗುವಿನ ಅಜ್ಜಿ ಇಳಿದು ಬರುತ್ತಿದ್ದಳು, ಅಜ್ಜಿ ಇಳಿದು ಬಂದರೆ ಬ್ಯಾಂಡು ಹಿತ್ತಲ ಬಾಗಿಲಿನಿಂದ ಓಡುತ್ತಿತ್ತು. ಆಗ ಹಿಟ್ಟಣ್ಣ ಮುಂದೆ ಬಂದ.

"ಮೇಷ್ಟ್ರೇ, ಗಿರಣಿ ಹಿಂದಿನ ಉಗ್ರಾಣ ಖಾಲಿ ಇದೆ. ಅಲ್ಲಿ ಏನು ಊದಿದ್ರೂ ಮಷೀನು ನುಂಗಿಬಿಡತ್ತೆ. ಆದ್ರೆ ನನಗೆ ದೊಡ್ಡ ಡ್ರಮ್ಮು ಕೊಡ್ಬೇಕು."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. ನಲವತ್ತೆರಡು ವರ್ಷದ ಹಿಂದೆ, ಶಾಲೆಯ ಕವಾಯತಿನಲ್ಲಿ ಇಡೀ ಸಾಲು ಬಲಕ್ಕೆ ತಿರುಗಿದಾಗ ಇವನೊಬ್ಬ ಎಡಕ್ಕೆ ತಿರುಗಿ, ನೇರ ನಡೆದು, ಗೇಟು ದಾಟಿ ಮನೆಗೆ ಹೋಗಿಬಿಟ್ಟಿದ್ದ. ಮಾರನೆಯ ದಿನ ಎಲ್ಲರೆದುರು ಮೇಷ್ಟ್ರು, "ನಿನ್ನ ಕಾಲಿಗೂ ಕಿವಿಗೂ ಮಾತುಕತೆನೇ ಇಲ್ಲ ಕಣೋ. ಹೋಗಿ ನೆರಳಲ್ಲಿ ಕೂತ್ಕೋ" ಅಂದಿದ್ದರು. ಮೇಷ್ಟ್ರು ಮರೆತಿದ್ದರು. ಹಿಟ್ಟಣ್ಣ ಮರೆತಿರಲಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದನೋ ಏನೋ, ಆ ಮಾತು ಮಾತ್ರ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಒಂದೇ ಒಂದು ಸಲ ನಾಲ್ಕು ಜನರೆದುರು ತಪ್ಪದೆ ತಾಳ ಹಾಕಿ ತೋರಿಸಬೇಕು ಎಂಬುದು ಅವನ ಆಸೆ. ಹೆಂಡತಿಗೂ ಹೇಳಿಕೊಂಡಿರದ ಆಸೆ.

"ಜಾಗ ಚೆನ್ನಾಗಿದೆ" ಎಂದು ನಿಟ್ಟುಸಿರು ಬಿಟ್ಟು ಮೇಷ್ಟ್ರು ಡ್ರಮ್ಮು ಕೊಟ್ಟರು.

ಅಭ್ಯಾಸ ಸಂಜೆ ಆರಕ್ಕೆ. ಕೆಲಸ ಮುಗಿಸಿ ಬರುವವರೆಲ್ಲ ಗೋಧಿ ಡಬ್ಬ ಹಿಡಿದು ಸಾಲು ನಿಲ್ಲುವ ಹೊತ್ತೂ ಅದೇ. ಹಾಗಾಗಿ ಹೆಂಡತಿ ಮಷೀನು ನೋಡಿಕೊಳ್ಳುತ್ತಿದ್ದಳು, ಗಂಡ ಹಲಗೆ ಗೋಡೆಯ ಆಚೆ ಡ್ರಮ್ಮು ಹೊಟ್ಟೆಗೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಗಿರಣಿಯದು ಹಳೆಯ ಕಾಲದ ಉದ್ದನೆಯ ಬೆಲ್ಟು. ಎರಡು ತುದಿ ಸೇರಿದ ಕಡೆ ಕಬ್ಬಿಣದ ಕೊಂಡಿ ಹಾಕಿ ಜೋಡಿಸಿದ್ದರು. ಆ ಕೊಂಡಿ ಚಕ್ರದ ಮೇಲೆ ಹಾಯ್ದಾಗಲೆಲ್ಲ 'ಟಪ್' ಅನ್ನುತ್ತಿತ್ತು. ಗರ್ರ್… ಟಪ್. ಗರ್ರ್… ಟಪ್. ಬೆಳಗಿನಿಂದ ಸಂಜೆಯವರೆಗೆ ಇದೇ ಪುರಾಣ.

ಎರಡು ತಿಂಗಳಲ್ಲಿ ಬ್ಯಾಂಡಿಗೆ ಮೇಷ್ಟ್ರೇ ಕಟ್ಟಿದ ಒಂದು ಕವಾಯತಿನ ಧಾಟಿ ಬಂತು. ನಿಜವಾಗಿ ಬಂತು! ಹನ್ನೊಂದು ಜನ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ಮುಗಿಸುತ್ತಿದ್ದರು. ಮಧ್ಯೆ ಏನಾಗುತ್ತಿತ್ತು ಎಂಬುದು ಬೇರೆ ಮಾತು. ಮೇಷ್ಟ್ರು ಶಾಲೆಯ ಸಭಾಂಗಣದಲ್ಲಿ ಭಾನುವಾರ ನಾಲ್ಕು ಗಂಟೆಗೆ ಮೊದಲ ಕಛೇರಿ ಎಂದು ಸಾರಿಬಿಟ್ಟರು.

ಆದರೆ ದರ್ಜಿಗೆ ಒಂದೇ ಕೊರಗು. ತುತ್ತೂರಿಯ ಎಂಜಲು ಕೊಡವುತ್ತ ದಿನಾ ಹೇಳುತ್ತಿದ್ದ: "ಈ ದರಿದ್ರ ಟಪ್ ಟಪ್ ಒಂದಿಲ್ದೇ ಇದ್ರೆ ನಾವು ಎಲ್ಲಿಗೋ ಹೋಗ್ಬಿಡ್ತಿದ್ವಿ. ಏಕಾಗ್ರತೆನೇ ಹಾಳು."

"ಸಭಾಂಗಣದಲ್ಲಿ ನೋಡು, ಆಗ ಗೊತ್ತಾಗತ್ತೆ ನಮ್ಮ ಬೆಲೆ" ಎಂದು ಕ್ಷೌರಿಕ ದನಿಗೂಡಿಸುತ್ತಿದ್ದ.

ಹಿಟ್ಟಣ್ಣನಿಗೆ ನಾಚಿಕೆಯಾಗುತ್ತಿತ್ತು. ಮನೆಗೆ ಬಂದ ನೆಂಟರನ್ನು ಕಂಡು ನಾಯಿ ಬೊಗಳಿದರೆ ಆಗುವಂಥ ನಾಚಿಕೆ. ಸರಿ, ಮಹಾರಾಯ ಏನು ಮಾಡಿದ ಗೊತ್ತೇ? ಕಛೇರಿಗೆ ನಾಲ್ಕು ದಿನ ಇರುವಾಗ, ಯಾರಿಗೂ ಹೇಳದೆ, ಕೊಂಡಿಯೇ ಇಲ್ಲದ ಹೊಸ ಬೆಲ್ಟು ತಂದು ಹಾಕಿಸಿಬಿಟ್ಟ. ಹಳೆಯದನ್ನು ಸುತ್ತಿ ಮೊಳೆಗೆ ನೇತುಹಾಕಿದ. ಮಷೀನು ಈಗ ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಗರ್ರ್ ಎಂದಷ್ಟೇ ಓಡುತ್ತಿತ್ತು.

"ಕೇಳಿ ಮೇಷ್ಟ್ರೇ" ಎಂದ ಸಂಜೆ, ಮುಖವಿಡೀ ನಗು. "ಟಪ್ ಇಲ್ಲ!"

"ಭಲೇ!" ಎಂದು ದರ್ಜಿ ಅವನ ಬೆನ್ನು ತಟ್ಟಿದ. ಹಿಟ್ಟಿನ ಮೋಡವೆದ್ದು ಇಬ್ಬರೂ ಸೀನಿದರು.

ಮೇಷ್ಟ್ರು ಕೋಲು ಎತ್ತಿದರು. ಬ್ಯಾಂಡು ಶುರುವಾಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ತುತ್ತೂರಿ ಮೂರನೇ ಸಾಲಿನಲ್ಲಿತ್ತು, ಕ್ಲಾರಿನೆಟ್ಟು ಇನ್ನೂ ಮನೆಯಿಂದ ಹೊರಟಿರಲಿಲ್ಲ. ಹಿಟ್ಟಣ್ಣನ ಡ್ರಮ್ಮು ಯಾರ ಜೊತೆ ಹೋಗುವುದೆಂದು ತಿಳಿಯದೆ ಎಲ್ಲರ ಹಿಂದೆಯೂ ಸ್ವಲ್ಪ ಸ್ವಲ್ಪ ಓಡಿತು. ಐದು ಸಲ ಶುರುಮಾಡಿದರು. ಐದು ಸಲವೂ ಅದೇ ರಾಮಾಯಣ. ಎಲ್ಲರೂ ಹಿಟ್ಟಣ್ಣನ ಕಡೆ ತಿರುಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಿಗೆ ಡೊಂಕು ಅನ್ನಲು ಒಂದು ಡ್ರಮ್ಮು ಸಿಕ್ಕಿತು.

"ಡ್ರಮ್ಮು ತಪ್ಪಿದ್ರೆ ಎಲ್ಲಾ ತಪ್ಪತ್ತೆ" ಎಂದ ಕ್ಷೌರಿಕ.

ಮೇಷ್ಟ್ರು ಕೋಲು ಕೆಳಗಿಟ್ಟರು. "ಹಿಟ್ಟಣ್ಣ, ಡ್ರಮ್ಮು ಇಳಿಸು. ಬ್ಯಾಂಕಿನ ವಾಚ್‌ಮನ್ ಹೊಡೀತಾನೆ. ನೀನು ಅವನ ಕಂಚಿನ ತಟ್ಟೆ ಹಿಡ್ಕೋ. ಕೊನೇಲಿ ನಾನು ಕಣ್ಣು ಮಿಟುಕಿಸಿದಾಗ ಒಂದೇ ಒಂದು ಸಲ ಹೊಡಿ, ಸಾಕು." ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ನಿನ್ನ ಕಾಲಿಗೂ ಕಿವಿಗೂ ಮಾತುಕತೆನೇ ಇಲ್ಲ ಕಣೋ."

ಅದೇ ಮಾತು! ಒಂದಕ್ಷರ ಆಚೀಚೆ ಇಲ್ಲ.

ಎಲ್ಲರೂ ಹೋದ ಮೇಲೆ ಹಿಟ್ಟಣ್ಣ ಗೋಣಿಚೀಲದ ಮೇಲೆ ಕೂತು ಅತ್ತ. ದುಃಖ ನಿಜವಾದದ್ದೇ, ನಗಬಾರದು. ಆದರೆ ಕಣ್ಣೀರು ರೆಪ್ಪೆಯ ಹಿಟ್ಟಿಗೆ ಸೇರಿ ಎರಡೂ ಕಣ್ಣು ಅಂಟಿಕೊಂಡುಬಿಟ್ಟವು. ಗೋಡೆ ಸವರುತ್ತ ಗಿರಣಿಯ ಪಕ್ಕದಲ್ಲೇ ಇದ್ದ ಅಡುಗೆಮನೆಗೆ ಬಂದವನನ್ನು ನೋಡಿ ಹೆಂಡತಿ ಚಾಕು ಕೆಳಗಿಟ್ಟಳು. ಬಿಸಿನೀರಲ್ಲಿ ಬಟ್ಟೆ ಅದ್ದಿ ಕಣ್ಣು ಬಿಡಿಸಿದಳು. ಅವನು ಶಾಲೆಯ ಗೇಟಿನಿಂದ ಹಿಡಿದು ಕಂಚಿನ ತಟ್ಟೆಯವರೆಗೆ ಎಲ್ಲವನ್ನೂ ಹೇಳಿದ.

"ನಿಮ್ಮ ಕಥೆ ಹಾಗಿರ್ಲಿ, ನನ್ನ ಕೈ ನೋಡಿ" ಅಂದಳು ಅವಳು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. "ಹಾಳು ಬೆಲ್ಟು ಹಾಕ್ಸಿದ್ದೀರಿ. ಇಷ್ಟು ವರ್ಷ ಟಪ್ ಅಂದಾಗೊಂದು ಹೋಳು, ಟಪ್ ಅಂದಾಗೊಂದು ಹೋಳು, ಈರುಳ್ಳಿ ತನ್ನಷ್ಟಕ್ಕೆ ತಾನೇ ಹೆಚ್ಚಿಕೊಳ್ತಿತ್ತು. ಈಗ ಚಾಕು ಯಾವಾಗ ಇಳೀಬೇಕು ಅಂತಾನೇ ಗೊತ್ತಾಗ್ತಿಲ್ಲ."

ಹಿಟ್ಟಣ್ಣ ಒಮ್ಮೆ ಚಾಕು ನೋಡಿದ, ಒಮ್ಮೆ ಈರುಳ್ಳಿ ನೋಡಿದ. ಹೋಳು. ಟಪ್. ಹೋಳು. ಟಪ್.

"ಅಯ್ಯೋ!" ಎಂದು ಹಣೆ ಚಚ್ಚಿಕೊಂಡ. "ನಮ್ಮ ಬ್ಯಾಂಡೂ ಈರುಳ್ಳಿನೇ ಕಣೇ!"

ಅಂಗಿ ತಿರುಗುಮುರುಗಾಗಿ ಹಾಕಿಕೊಂಡು ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಅಂದ್ರೆ ನಲವತ್ತು ವರ್ಷ ಮಕ್ಕಳಿಗೆ ಹೆಜ್ಜೆ ಕಲಿಸಿದ ನನಗೆ ಹಿಟ್ಟಿನ ಮಷೀನು ತಾಳ ಹಾಕ್ತಿತ್ತು ಅಂತೀಯಾ?"

"ಹೌದು ಮೇಷ್ಟ್ರೇ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿಸಿತು, ಹಿಟ್ಟಣ್ಣನ ಕಿವಿಗೂ.

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಗಿರಣಿಯ ಗಿರಾಕಿಗಳೇ ಹೆಚ್ಚು, ಮೂರನೇ ಸಾಲಿನ ತುದಿಯಲ್ಲಿ ಹೆಂಡತಿ. ವೇದಿಕೆ ಹಲಗೆಯದು, ಕೆಳಗೆ ಟೊಳ್ಳು. ಹಿಟ್ಟಣ್ಣ ಹಿಂದಿನ ಮೂಲೆಯಲ್ಲಿ ಎರಡು ಕೈಯಲ್ಲೂ ಕಂಚಿನ ತಟ್ಟೆ ಹಿಡಿದು, ಊಟಕ್ಕೆ ಕಾಯುವವನ ಹಾಗೆ ನಿಂತಿದ್ದ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಬಗ್ಗಿ ನಮಸ್ಕರಿಸಿ, ಕೋಲು ಎತ್ತಿದರು.

ಹೇಳಿ ಏನು ಪ್ರಯೋಜನ? ಮೊದಲ ಸಾಲಿನಲ್ಲೇ ಮುಳುಗಿತು ದೋಣಿ. ವಾಚ್‌ಮನ್ ಬ್ಯಾಂಕಿನ ಬಾಗಿಲು ಬಡಿದಂತೆ ತೋಚಿದಾಗ ಡ್ರಮ್ಮು ಬಡಿದ. ದರ್ಜಿ ಮುಂದೆ ಹೋಗಿ ಎಲ್ಲರಿಗಾಗಿ ಕಾದ, ಕಾದದ್ದು ಹೆಚ್ಚಾಗಿ ಹಿಂದೆ ಬಿದ್ದ. ಜನ ಮೊದಲು ಕೆಮ್ಮಿದರು, ಆಮೇಲೆ ನಕ್ಕರು. ಮೇಷ್ಟ್ರು ನಿಲ್ಲಿಸಿ ಮತ್ತೆ ಶುರುಮಾಡಿಸಿದರು. ಇನ್ನೂ ಕೆಟ್ಟಿತು. ಮೂರನೇ ಸಲ ಕೋಲು ಎತ್ತಿದರು. ಆ ನೆಟ್ಟಗಿನ ಬೆನ್ನು ಮೊದಲ ಸಲ ಸ್ವಲ್ಪ ಬಾಗಿತ್ತು.

ಹಿಟ್ಟಣ್ಣನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿದ. ಮನಸ್ಸಿನಲ್ಲೇ ಗಿರಣಿಯ ಸ್ವಿಚ್ಚು ಹಾಕಿ, ಹಿಮ್ಮಡಿ ಎತ್ತಿ ಟೊಳ್ಳು ಹಲಗೆಯ ಮೇಲೆ ಇಳಿಸಿದ.

ಟಪ್.

ದರ್ಜಿಯ ಬೆನ್ನು ನೆಟ್ಟಗಾಯಿತು.

"ಗರ್ರ್…" ಎಂದ ಹಿಟ್ಟಣ್ಣ ಬಾಯಲ್ಲಿ, ಲಜ್ಜೆ ಬಿಟ್ಟು. ಟಪ್. ಗರ್ರ್… ಟಪ್. ತುತ್ತೂರಿ ಸೇರಿತು, ಕ್ಲಾರಿನೆಟ್ಟು ಓಡಿ ಬಂದು ಸೇರಿತು, ವಾಚ್‌ಮನ್ ಬೆಪ್ಪಾಗಿ ನಿಂತು ಕೇಳಿ ಅವನೂ ಸೇರಿದ. ಎಂಟು ಟಪ್ ಆಗುವಷ್ಟರಲ್ಲಿ ಹನ್ನೊಂದು ಜನರ ಬ್ಯಾಂಡು ಒಂದೇ ಬ್ಯಾಂಡಾಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ತನಗರಿವಿಲ್ಲದೆ ಕುರ್ಚಿಯ ಕೆಳಗೆ ಡಬ್ಬ ಹುಡುಕಿದಳು. ಒಬ್ಬ ಅಜ್ಜ ಎದ್ದು ನಿಂತು, "ನಂದು ಆಯ್ತಾ, ಹಿಟ್ಟಣ್ಣ?" ಎಂದು ಕೂಗಿದ. ಮಗಳು ಅವನನ್ನು ಎಳೆದು ಕೂರಿಸಿದಳು.

ಧಾಟಿ ಮುಗಿಯಿತು. ಮೇಷ್ಟ್ರು ಕಣ್ಣು ಮಿಟುಕಿಸಿದರು. ಹಿಟ್ಟಣ್ಣನ ಕಣ್ಣು ಮುಚ್ಚಿತ್ತಲ್ಲ! ಕಾಳು ಮುಗಿಯದೆ ಮಷೀನು ನಿಲ್ಲಿಸಿದವನಲ್ಲ ಅವನು. ಟಪ್ ನಿಲ್ಲಲಿಲ್ಲ, ಟಪ್ ನಿಲ್ಲದೆ ಬ್ಯಾಂಡೂ ನಿಲ್ಲಲಿಲ್ಲ. ಮತ್ತೆ ಮೊದಲಿನಿಂದ ಊದಿದರು. ಮೂರನೇ ಸಲವೂ ಊದಿದರು. ಮೇಷ್ಟ್ರು ಎರಡೂ ಕಣ್ಣು ಮಿಟುಕಿಸಿದರು, ಕೈ ಬೀಸಿದರು, ಕೈ ಮುಗಿದರು. ಕ್ಷೌರಿಕನ ಮುಖ ನೀಲಿಗಟ್ಟಿತು. ಆಗ ಮೂರನೇ ಸಾಲಿನಿಂದ ಗಿರಣಿಯ ಗದ್ದಲಕ್ಕೆ ಪಳಗಿದ ಗಂಟಲೊಂದು ಎದ್ದಿತು:

"ರೀ! ಕಾಳು ಮುಗೀತು! ಸ್ವಿಚ್ಚು ತೆಗೀರಿ!"

ಹಿಟ್ಟಣ್ಣ ಬೆಚ್ಚಿ ಕೈ ಎತ್ತಿದ. ಕೈಯಲ್ಲಿ ತಟ್ಟೆಗಳಿದ್ದವು. ಝಣ್!

ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕೆಲವರು ನಗುತ್ತ ಹೊಡೆದರು, ಕೆಲವರು ಅಳುವಷ್ಟು ನಕ್ಕು ಹೊಡೆದರು.

ಮಾರನೆಯ ಬೆಳಗ್ಗೆ ಮೇಷ್ಟ್ರು ಗಿರಣಿಗೆ ಬಂದರು. ಡ್ರಮ್ಮನ್ನು ತಾವೇ ಹೊತ್ತು ತಂದಿದ್ದರು. ಡಬ್ಬ ಹಿಡಿದು ನಿಂತ ಏಳೆಂಟು ಜನರೆದುರು ಅದನ್ನು ಕೆಳಗಿಟ್ಟು, ಒಂದು ಸಲ ಕೆಮ್ಮಿದರು. "ನಿನ್ನ ಕಾಲಿನ ವಿಷಯ ನಾನು ತಪ್ಪು ಹೇಳಿದ್ದೆ ಕಣೋ, ಹಿಟ್ಟಣ್ಣ. ಎರಡು ಸಲವೂ."

"ಎರಡು ಸಲವೂ?" ಎಂದ ಹಿಟ್ಟಣ್ಣ. "ನಿಮಗೆ ನೆನಪಿದ್ಯಾ ಮೇಷ್ಟ್ರೇ?"

"ನಿನ್ನೆ ನೆನಪಾಯ್ತು. ನೀನು ಕಣ್ಣು ಮುಚ್ಕೊಂಡು ನಿಂತಿದ್ದೆ ನೋಡು, ಅವತ್ತು ಗೇಟು ದಾಟಿ ಹೋದಾಗ್ಲೂ ನಿನ್ನ ಮುಖ ಹಾಗೇ ಇತ್ತು."

ಹಿಟ್ಟಣ್ಣ ಡ್ರಮ್ಮು ತಬ್ಬಿಕೊಂಡ. ಒಳಗಿನಿಂದ ಹೆಂಡತಿ ಕೂಗಿದಳು: "ಅದೆಲ್ಲ ಆಮೇಲೆ ಆಗ್ಲಿ, ಮೊದಲು ಹಳೇ ಬೆಲ್ಟು ಹಾಕಿ. ನನಗೆ ಉಳಿದಿರೋದು ಎಂಟೇ ಬೆರಳು."

ಮೇಷ್ಟ್ರು ಅಂಗಿಯ ತೋಳು ಮಡಚಿ ಬೆಲ್ಟಿನ ಒಂದು ತುದಿ ಹಿಡಿದರು, ಹಿಟ್ಟಣ್ಣ ಇನ್ನೊಂದು ತುದಿ ಎಳೆದು ಕೊಂಡಿ ಸೇರಿಸಿದ. ಸ್ವಿಚ್ಚು ಹಾಕಿದ. ಚಕ್ರ ತಿರುಗಿ ಟಪ್ ಅಂದಿತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ಶುರುವಾಯಿತು.