ಅನುಸೂಯಾ ಓದಿದ ಚೀಟಿ

ಅನುಸೂಯಾ ಹುಟ್ಟಿದ್ದು ಯಾದಗಿರಿ ಕಡೆಯ ಹಳ್ಳಿಯಲ್ಲಿ, ಬೆಳೆದದ್ದು ಪುಣೆಯಲ್ಲಿ ಏಳುತ್ತಿದ್ದ ಕಟ್ಟಡಗಳ ಬುಡದಲ್ಲಿ. ತಾಯಿ ತಿಪ್ಪವ್ವ ಸಿಮೆಂಟಿನ ಬುಟ್ಟಿ ಹೊತ್ತು ಮಗಳನ್ನು ಓದಿಸಿದಳು. ಮಗಳು ಅಲ್ಲಿನ ಧನಕವಡಿ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್ ಆದಳು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅಳೆಯುವ ಯಂತ್ರ ಹನ್ನೊಂದು ವರ್ಷದಿಂದ ಅವಳ ಕೈಯಲ್ಲೇ ಇದೆ. ಅಂಕಿ ಹದ್ದು ಮೀರಿದರೆ ಯಂತ್ರ ಪಕ್ಕದಲ್ಲೊಂದು ಬಾಣ ಹಾಕುತ್ತದೆ. ಆ ಬಾಣದ ಮೇಲೆ ಅವಳಿಗೆ ಪೂರಾ ನಂಬಿಕೆ.

ಕಳೆದ ಮಾರ್ಚಿನ ಒಂದು ಮಧ್ಯಾಹ್ನ ಕಟ್ಟಡ ಕೆಲಸದ ಭೀಮು ತನ್ನ ಹೆಂಡತಿ ಶಿವಕಾಂತಾಳನ್ನು ರಿಕ್ಷಾದಲ್ಲಿ ಕರೆತಂದ. ಅವಳಿಗೆ ಏಳು ತಿಂಗಳು, ಮೊದಲಿಂದ ದಮ್ಮಿನ ಕಾಯಿಲೆ ಬೇರೆ. ಎದೆ ಸೀಟಿ ಹೊಡೆಯುತ್ತಿತ್ತು, ಒಂದು ಮಾತಿಗೆ ಎರಡು ಸಲ ಉಸಿರು ಎಳೆಯುತ್ತಿದ್ದಳು. ಔಷಧದ ಹಬೆ ಕೊಡುತ್ತಲೇ ನರ್ಸ್ ಮಣಿಕಟ್ಟಿನಿಂದ ರಕ್ತ ತೆಗೆದಳು.

ಚೀಟಿ ಹೊರಬಂತು. ಆಮ್ಲಜನಕ ಸರಿಯಿತ್ತು. ಡೈಆಕ್ಸೈಡ್ ಮೂವತ್ತೊಂಬತ್ತು, ಪಕ್ಕದಲ್ಲಿ ಬಾಣವಿಲ್ಲ. ಕೆಳಗೆ ಬೈಕಾರ್ಬನೇಟ್ ಎಂಬ ಉಪ್ಪಿನಂಶಕ್ಕೆ ಮಾತ್ರ, ಕಡಿಮೆಯೆಂದು ಸಣ್ಣದೊಂದು ಬಾಣ. ಅದು ಉಸಿರಿನ ಅಂಕಿಯಲ್ಲವೆಂದು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಡಾಕ್ಟರಿಗೆ ಚೀಟಿ ಕೊಡಲು ಹೋದಾಗ ವಾರ್ಡಿನ ಬಾಗಿಲಲ್ಲಿ ಭೀಮು ನಿಂತಿದ್ದ. ಹಾದಿ ಬಿಡ್ರಿ ಎಂಬ ಅವಳ ಕನ್ನಡ ಮಾತು ಕಿವಿಗೆ ಬಿದ್ದದ್ದೇ ತಡ ಹತ್ತಿರ ಬಂದ.

"ಅಕ್ಕೋರೆ, ಆಕಿ ಹ್ಯಾಂಗ ಅದಾಳ್ರಿ?"

ರಿಪೋರ್ಟಿನ ಮಾತನ್ನು ಡಾಕ್ಟರೇ ಹೇಳಬೇಕು. ಆದರೂ ತನ್ನೂರ ಕಡೆಯವನೆಂದು ಅವಳ ಬಾಯಿ ತಡೆಯಲಿಲ್ಲ. "ಎಲ್ಲಾ ನಾರ್ಮಲ್ ಅದ. ಹೆದರಬ್ಯಾಡ್ರಿ, ಒಂದೀಟು ಚಾ ಕುಡದು ಬರ್ರಿ."

ಒಳಗೆ ಶಿವಕಾಂತಾ ಶಾಂತವಾಗಿದ್ದಳು. ಎದೆಯ ಸೀಟಿ ನಿಂತಿತ್ತು, ಕಣ್ಣು ಮುಚ್ಚುತ್ತಿದ್ದವು. ಆರಾಮಾಯಿತು ಎಂದುಕೊಂಡಳು ಅನುಸೂಯಾ.

ಡಾಕ್ಟರ್ ಶ್ರದ್ಧಾ ಚೀಟಿ ನೋಡಿದವರೇ ಹಾಸಿಗೆಯತ್ತ ಓಡಿದರು. "ಐಸಿಯುಗೆ ಹೇಳಿ. ಈಗಲೇ," ಎಂದರು ಮರಾಠಿಯಲ್ಲಿ.

"ಮೇಡಂ, ಮೂವತ್ತೊಂಬತ್ತು ನಾರ್ಮಲ್ ಅಲ್ಲವಾ?"

"ನಿನಗೆ, ನನಗೆ ನಾರ್ಮಲ್. ಬಸುರಿಗಲ್ಲ." ಸ್ಟ್ರೆಚರ್ ತಳ್ಳುತ್ತಲೇ ಹೇಳಿದರು. "ಬಸುರಿನಲ್ಲಿ ಹೆಣ್ಣು ಉಸಿರನ್ನು ಆಳವಾಗಿ ಎಳೆಯುತ್ತಾಳೆ. ಡೈಆಕ್ಸೈಡ್ ಮೂವತ್ತಕ್ಕೆ ಇಳಿದಿರುತ್ತದೆ, ಜೊತೆಗೆ ಬೈಕಾರ್ಬನೇಟೂ; ಆ ಬಾಣ ಅದಕ್ಕೇ. ಅವಳಲ್ಲಿ ಕಡಿಮೆ ಇದ್ದರೇ ಮಗುವಿನದು ಅವಳ ರಕ್ತಕ್ಕೆ ಹರಿದು ಬರುವುದು. ದಮ್ಮು ಕಟ್ಟಿದಾಗ ಇನ್ನೂ ಇಳಿಯಬೇಕಿತ್ತು. ಏರಿದೆ ಅಂದರೆ ಉಸಿರಾಡಿ ಸೋತಿದ್ದಾಳೆ. ಸೀಟಿ ನಿಂತದ್ದು ಗಾಳಿಯೇ ಆಡದೆ."

ಅನುಸೂಯಾ ಖಾಲಿ ಹಾಸಿಗೆಯ ಬಳಿ ಉಳಿದಳು. ತಾನೇ ಎರಡು ಹೆತ್ತವಳು. ಎರಡು ಸಲವೂ ಮೆಟ್ಟಿಲು ಹತ್ತುವಾಗ ಏದುಸಿರು ಬಂದಿತ್ತು. ಕೂಸು ಮ್ಯಾಲಕ್ಕ ಒತ್ತತದ ಎಂದಿದ್ದಳು ತಿಪ್ಪವ್ವ. ಬಸುರಿನಲ್ಲಿ ರಕ್ತದ ಅಂಕಿಯೇ ಬೇರೆಯೆಂದು ಓದುವಾಗ ಯಾವಾಗಲೋ ಕೇಳಿರಬೇಕು. ನೆನಪಿರಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಬಸುರಿಯರ ಚೀಟಿ ಹೀಗೇ ಕೊಟ್ಟಿರಬಹುದು? ಎಣಿಸಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಭೀಮು ಚಹಾ ಕುಡಿದು ಬಂದ. ಹಾಸಿಗೆ ಖಾಲಿ. ಅವನಿಗೆ ಹೇಳಬೇಕಾದವಳು ಅವಳೇ.

"ನಾ ತಪ್ಪು ಹೇಳ್ದೆ ಅಣ್ಣಾ. ಆಕಿಗಿ ಭಾಳ ತ್ರಾಸಾಗ್ಯಾದ. ಮಷೀನಿಗಿ ಹಚ್ಯಾರ."

ಅವನು ಬೈಯಲಿಲ್ಲ. ಕಿಸೆಯಿಂದ ಫೋನು ತೆಗೆದು ನೋಡಿದ. "ನಿಮ್ಮ ಮಾತು ಕೇಳಿ ನಾ ಊರಿಗಿ ಫೋನ್ ಮಾಡೀನ್ರಿ, ಆರಾಮಾಗ್ಯಾಳಂತ," ಎಂದ. ಆ ಮಾತು ಅವಳಿಗೆ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಎರಡು ದಿನ ಉಸಿರಾಟದ ಯಂತ್ರವೇ ಶಿವಕಾಂತಾಳ ಪರವಾಗಿ ಉಸಿರಾಡಿತು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ತಪ್ಪಲಿಲ್ಲ. ಆರು ತಾಸಿಗೊಮ್ಮೆ ಬಂದ ರಕ್ತವನ್ನು ತನ್ನ ಪಾಳಿ ಮುಗಿದ ಮೇಲೂ ಅನುಸೂಯಾಳೇ ಅಳೆದಳು: ಮೂವತ್ತಾರು, ಮೂವತ್ತಮೂರು, ಮೂವತ್ತೊಂದು. ಮೂರನೆಯ ದಿನ ಗಂಟಲಿಗೆ ಹಾಕಿದ್ದ ನಳಿಗೆ ತೆಗೆದರು. ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು.

ಈಗ ಹೆಂಗಸೊಬ್ಬಳ ರಕ್ತದ ಸಿರಿಂಜು ಬಂದರೆ ಅನುಸೂಯಾ ಮೊದಲು ಕೇಳುವುದು ಬಸುರಿಯೇ ಎಂದು. ಹೌದಾದರೆ ಚೀಟಿಯ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಬಸುರಿ ಎಂದು ಬರೆದು ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಬಾಗಿಲಲ್ಲಿ ಯಾರಾದರೂ ಕನ್ನಡದಲ್ಲಿ ಕೇಳಿದರೆ, "ಡಾಕ್ಟರ್ ಹೇಳ್ತಾರ್ರಿ, ಇಲ್ಲೇ ಕೂಡ್ರಿ," ಎನ್ನುತ್ತಾಳೆ. ಸೊಕ್ಕಿನವಳೆಂದು ಕೆಲವರು ಅಂದುಕೊಳ್ಳುತ್ತಾರೆ.