ಗೋಲುಕಂಬಕ್ಕೆ ಕಟ್ಟಿದ ಕಾವಲು

ಚೌಡಮ್ಮನನ್ನು ನಂಬಿ ನಡೆಯುವ ಎಲ್ಲರಿಗೂ ಗಿರಿಜಾಳ ನಮಸ್ಕಾರ. ನನ್ನ ಗಂಡ ಎದುರು ಟೀಮಿನವರಿಂದ ದುಡ್ಡು ತಿಂದು ಗೋಲು ಬಿಡುತ್ತಾರೆ ಎಂದು ಇಡೀ ಕಾರ್ಗಲ್ ಕಾಲೊನಿ ಮಾತಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದು ಎಪ್ಪತ್ತರ ದಶಕದ ಕೊನೆ, ದೀಪಾವಳಿ ಕಳೆದ ಮೇಲಿನ ಚಳಿಯ ದಿನಗಳು. ಆಗ ಆ ತಾಯಿ ನಮ್ಮ ಸಂಸಾರವನ್ನು ಹೇಗೆ ಎತ್ತಿ ನಿಲ್ಲಿಸಿದಳು ಎಂಬುದನ್ನು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅನುಮಾನ ಜಾಸ್ತಿ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಹೊಸನಗರದ ನಮ್ಮ ತವರಿನಲ್ಲಿ ಇದಕ್ಕೆ ನನ್ನನ್ನು ಪೊಲೀಸ್ ಎಂದೇ ಕರೆಯುತ್ತಿದ್ದರು. ದೇವರ ವಿಷಯದಲ್ಲೂ ನನ್ನ ಕ್ರಮ ಬೇರೆಯಲ್ಲ. ಮೊದಲು ಕೆಲಸ ಆಗಲಿ, ಹರಕೆ ಆಮೇಲೆ. ಕ್ವಾರ್ಟರ್ಸಿನ ಹಿಂದೆ ಮತ್ತಿಮರದ ಬುಡದಲ್ಲಿ ಕಲ್ಲಿನ ರೂಪದಲ್ಲಿ ಕೂತಿದ್ದ ಚೌಡಮ್ಮನಿಗೂ ನಾನು ಹಾಗೇ ನಡೆದುಕೊಳ್ಳುತ್ತಿದ್ದೆ.

ನಮ್ಮವರ ಹೆಸರು ಶೇಖರಪ್ಪ, ತೀರ್ಥಹಳ್ಳಿ ಕಡೆಯವರು. ಅಣೆಕಟ್ಟಿನ ಪ್ರಾಜೆಕ್ಟಿನ ಜೀಪು ಓಡಿಸುತ್ತಿದ್ದರು. ಕಾಲೊನಿಯ ಫುಟ್‌ಬಾಲ್ ಟೀಮಿಗೆ ಅವರೇ ಗೋಲ್‌ಕೀಪರ್. ಒಳ್ಳೆಯ ಆಟಗಾರರೆಲ್ಲ ಬೇರೆ ಪ್ರಾಜೆಕ್ಟುಗಳಿಗೆ ವರ್ಗವಾಗಿ ಹೋಗಿದ್ದರಿಂದ ಆ ವರ್ಷ ಹೊಸ ಹುಡುಗರನ್ನು ಸೇರಿಸಿ ಟೀಮನ್ನು ಮೊದಲಿನಿಂದ ಕಟ್ಟಬೇಕಾಗಿತ್ತು. ಕ್ಯಾಪ್ಟನ್ ಮಾಡಲು ಹಳಬರು ಯಾರಿದ್ದಾರೆ ಎಂದು ನೋಡಿದರೆ ನಮ್ಮವರೇ. ಹಿಂದಿನ ಮಳೆಗಾಲದಲ್ಲಿ ಕಾಮಾಲೆ ಬಂದು ಹಾಸಿಗೆ ಹಿಡಿದು ಎದ್ದವರು, ಅತ್ತೆ ಹೇಳಿಕೊಟ್ಟ ಪಥ್ಯವನ್ನು ಚಳಿಗಾಲ ಬಂದರೂ ಬಿಟ್ಟಿರಲಿಲ್ಲ. ಗಂಜಿ, ಉಪ್ಪು, ನಿಂಬೆಹುಳಿ. ಹಾಲು, ತುಪ್ಪ, ಸೊಪ್ಪು, ಮೊಟ್ಟೆ ಯಾವುದನ್ನೂ ಮುಟ್ಟುತ್ತಿರಲಿಲ್ಲ.

ಟೀಮು ಸೋಲುತ್ತಾ ಬಂತು. ನಮ್ಮ ಅಡುಗೆಮನೆಯ ಕಿಟಕಿ ಕ್ಯಾಂಟೀನಿನ ಬೆಂಚುಗಳ ಕಡೆಗೆ ತೆರೆಯುತ್ತಿದ್ದುದರಿಂದ ಯಾವ ಮಾತೂ ನನ್ನ ಕಿವಿ ತಪ್ಪುತ್ತಿರಲಿಲ್ಲ. ಸ್ಟೋರಿನ ಮಂಜಪ್ಪನದು ಒಂದೇ ಹಟ.

"ಎಂತಾ ಆಟ ಮಾರಾಯ ಇದು? ಅಷ್ಟೂ ಜನ ನಮ್ಮ ಗೋಲಿನ ಎದುರೇ ನಿಂತ್ರೆ ಆಚೆ ಹೋಗಿ ಹೊಡೆಯೋರು ಯಾರು? ಹಬ್ಬದ ಊಟಕ್ಕೆ ಪಂಕ್ತಿ ಕೂತಂಗೆ ಕೂತಿರ್ತಾರೆ."

ಫಿಟ್ಟರ್ ವರ್ಗೀಸ್ ಕೇರಳದವನು. ಫುಟ್‌ಬಾಲ್ ತನ್ನ ಮನೆಯ ಆಸ್ತಿ ಎನ್ನುವ ಹಾಗೆ ಮಾತಾಡುತ್ತಿದ್ದ. "ಮಂಜಪ್ಪಣ್ಣ, ಇದು ಹೊಸ ಟೀಮ್. ಮೊದಲು ಗೋಲು ಬಿಡದೇ ಇರೋದು ಕಲೀಬೇಕು, ಹೊಡೆಯೋದು ಬರೋ ವರ್ಷ. ಶೇಖರಣ್ಣನ ತಲೆ ದೊಡ್ಡ ತಲೆ."

"ಗೋಲು ಬಿಡದೇ ಇರೋದು ಕಲೀತಿದಾರೆ ಅಂತೀಯಲ್ಲ, ಮತ್ತೆ ಸೆಕೆಂಡ್ ಹಾಫಲ್ಲಿ ಯಾಕೆ ಸಾಲಾಗಿ ಬೀಳ್ತವೆ?"

ಮಂಜಪ್ಪ ಹೇಳಿದ್ದು ಸುಳ್ಳಲ್ಲ. ಆದದ್ದೇ ಹಾಗೆ. ಮೊದಲರ್ಧದಲ್ಲಿ ನಮ್ಮವರ ಕೈ ತಪ್ಪಿಸಿ ಒಂದು ಚೆಂಡೂ ಹೋಗುತ್ತಿರಲಿಲ್ಲ. ಹಾಫ್ ಟೈಮ್ ಕಳೆದ ಮೇಲೆ ಚೆಂಡು ಪಕ್ಕದಲ್ಲೇ ಹಾದುಹೋದರೂ ಕೈ ಎತ್ತದೆ ನಿಂತುಬಿಡುತ್ತಿದ್ದರು.

ಮಂಜಪ್ಪ ಸುಮ್ಮನಿರುವ ಆಸಾಮಿಯಲ್ಲ. ನಮ್ಮ ಕಡೆ ಹಲಸಿನ ಮರಕ್ಕೋ ಹುಲ್ಲುಬಣವೆಗೋ ಕಳ್ಳರ ಭಯವಿದ್ದರೆ ಚೌಡಮ್ಮನ ಹೆಸರಿನಲ್ಲಿ ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ ಕಟ್ಟುತ್ತಾರೆ. ಅದಕ್ಕೆ ಕಾವಲು ಎನ್ನುತ್ತಾರೆ. ಒಮ್ಮೆ ಕಟ್ಟಿದರೆ ಅಲ್ಲಿಯ ಎಲೆ ಮುಟ್ಟಲೂ ಯಾರಿಗೂ ಧೈರ್ಯ ಬರುವುದಿಲ್ಲ. ಮಂಜಪ್ಪ ಚೌಡಮ್ಮನ ಪೂಜೆ ಮಾಡುವ ಕನ್ನಪ್ಪಜ್ಜನನ್ನು ಒಪ್ಪಿಸಿ ಆ ಕಾವಲನ್ನು ನಮ್ಮ ಗೋಲುಕಂಬಕ್ಕೆ ಕಟ್ಟಿಸಿದ. ಸಾಗರದ ಟೀಮಿನ ಮೇಲಿನ ಆಟ ಅದು. ಮೊದಲರ್ಧ ಒಂದೂ ಗೋಲು ಇಲ್ಲ. ಎರಡನೆಯ ಅರ್ಧದಲ್ಲಿ ಒಂದರ ಹಿಂದೆ ಒಂದು ಬಿದ್ದವು.

ಮಾರನೆಯ ದಿನ ಬೆಂಚಿನ ಮೇಲೆ ದೊಡ್ಡ ಪಂಚಾಯಿತಿಕೆ. ಹಾಫ್ ಟೈಮಿನಲ್ಲಿ ಟೀಮುಗಳು ಕಡೆ ಬದಲಿಸುತ್ತವೆ ಎಂಬುದು ಮಂಜಪ್ಪನಿಗೆ ಹೊಳೆದದ್ದೇ ಆಗ.

"ಎಂತಾ ಕೆಲಸ ಆಯ್ತು ನೋಡಿ. ಅರ್ಧ ಆಟ ನಮ್ಮ ಚೌಡಮ್ಮ ಅವರ ಗೋಲು ಕಾದಳು."

ಕನ್ನಪ್ಪಜ್ಜ ಸಿಟ್ಟಾದ. "ಕಂಬ ತೋರಿಸಿದ್ದು ನೀನು, ಕಟ್ಟಿದ್ದು ನಾನು. ಅವಳಿಗೆ ಕಂಬ ಗೊತ್ತು, ನಿಮ್ಮ ಹಾಫ್ ಟೈಮು ಎಂತಾ ಗೊತ್ತು?"

ಮುಂದಿನ ಆಟಕ್ಕೆ ಎರಡೂ ಕಡೆಯ ಕಂಬಗಳಿಗೆ ಕಾವಲು ಕಟ್ಟಿದರು. ಹಾಗಾದರೆ ನಮ್ಮ ಹುಡುಗರು ಹೊಡೆದ ಗೋಲೂ ಹೋಗುವುದಿಲ್ಲವಲ್ಲ ಎಂದು ಒಬ್ಬರು ಕೇಳಿದರೆ, ನಮಗೆ ಡ್ರಾ ಆದರೆ ಸಾಕು ಎಂದ ವರ್ಗೀಸ್. ಆದರೆ ಹಾಫ್ ಟೈಮ್ ಕಳೆದು ಹೊತ್ತು ಇಳಿಯುತ್ತಿದ್ದಂತೆ ಮತ್ತೆ ಅದೇ ಕತೆ. ಕಾವಲು ಇದ್ದೂ ಗೋಲು ಬಿತ್ತು ಅಂದರೆ ಕಳ್ಳ ಹೊರಗಿನಿಂದ ಬಂದವನಲ್ಲ, ಕಾಯಲು ನಿಂತವನೇ ಕಳ್ಳ ಎಂದು ಅಂದೇ ಕ್ಯಾಂಟೀನಿನಲ್ಲಿ ತೀರ್ಮಾನವಾಯಿತು. ಶೇಖರಪ್ಪ ಒಬ್ಬನೇ ಸಾಗರದ ಪೇಟೆಯಲ್ಲಿ ಅಡ್ಡಾಡುತ್ತಿದ್ದುದನ್ನು ನೋಡಿದವರೂ ಹುಟ್ಟಿಕೊಂಡರು.

ನಾನು ಆ ಮಾತನ್ನು ನಂಬಲಿಲ್ಲ. ನನ್ನ ಅನುಮಾನ ಬೇರೆಯೇ ಇತ್ತು. ನಮ್ಮವರು ರಾತ್ರಿ ಡ್ಯೂಟಿ ಬಂದಾಗಲೆಲ್ಲ ಬೇರೆ ಡ್ರೈವರಿಗೆ ಬಿಟ್ಟುಕೊಡುತ್ತಿದ್ದರು. ಕತ್ತಲಾಗುವ ಮೊದಲೇ ಮನೆ ಸೇರಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಸಿನಿಮಾಕ್ಕೆ ಕರೆದರೆ ತಲೆನೋವು. ಹೊತ್ತು ಮುಳುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ಸಾಗರಕ್ಕೆ ಯಾಕೆ ಹೋಗಿದ್ದಿರಿ ಎಂದರೆ ಸುಮ್ಮನೆ ಎನ್ನುತ್ತಿದ್ದರು. ಸುಮ್ಮನೆ ಯಾರೂ ಬಸ್ ಹತ್ತುವುದಿಲ್ಲ. ಇನ್ನೊಬ್ಬಳಿದ್ದಾಳೆ ಎಂದೇ ನಾನು ಗಟ್ಟಿಮಾಡಿಕೊಂಡೆ. ಅವರ ಅಂಗಿಯನ್ನು ಒಗೆಯುವ ಮೊದಲು ಮೂಸಿ ನೋಡಿದೆ. ಸೀಮೆಎಣ್ಣೆ ಮತ್ತು ಜೀಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ, ಅದಕ್ಕೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಒಂದು ಭಾನುವಾರ ಮಂಜಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಮನೆ ಬಾಗಿಲಿಗೆ ಬಂದ.

"ಶೇಖರಣ್ಣ, ಬೇಜಾರು ಮಾಡ್ಕಬೇಡಿ. ಚೌಡಮ್ಮನ ಎದುರು ಒಂದು ಆಣೆ ಮಾಡಿಬಿಡಿ. ದುಡ್ಡು ಮುಟ್ಟಿಲ್ಲ, ಟೀಮಿನವರಿಂದ ಎಂತದನ್ನೂ ಮುಚ್ಚಿಟ್ಟಿಲ್ಲ ಅಂತ. ಅಲ್ಲಿಗೆ ಮುಗೀತು."

ನಮ್ಮವರು ಹೇಳಿದರು, "ದುಡ್ಡು ಮುಟ್ಟಿಲ್ಲ ಅಂತ ಈಗಲೇ ಬಂದು ಆಣೆ ಮಾಡ್ತೀನಿ. ಇನ್ನೊಂದು ಮಾತು ಮಾತ್ರ ನನ್ ಬಾಯಲ್ಲಿ ಬರಲ್ಲ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಕನ್ನಪ್ಪಜ್ಜ ಅವತ್ತೇ ಕಂಬಗಳ ಕಾವಲನ್ನು ಬಿಚ್ಚಿಕೊಂಡು ಹೋದ. ನನ್ನ ಎದೆ ಒಡೆದುಹೋಯಿತು. ಮುಚ್ಚಿಟ್ಟದ್ದು ಇದೆ ಎಂದು ಅವರ ಬಾಯಲ್ಲೇ ಬಂತಲ್ಲ. ಅತ್ತು, ಬೈದು, ಊಟ ಬಿಟ್ಟು ನೋಡಿದೆ. ಕೊನೆಗೆ ಮತ್ತಿಮರದ ಬುಡಕ್ಕೆ ಹೋಗಿ ಕೂತೆ. "ಅಮ್ಮಾ, ಇವರು ಮುಚ್ಚಿಟ್ಟದ್ದು ಏನೇ ಆಗಲಿ, ಹೆಣ್ಣೇ ಆಗಲಿ, ನನಗೆ ತೋರಿಸು. ತೋರಿಸಿದರೆ ನನ್ನ ಮೂಗುಬೊಟ್ಟು ನಿನ್ನದು" ಎಂದೆ. ತೋರಿಸಿದ ಮೇಲೆ ಎಂದು ಎರಡು ಸಲ ಹೇಳಿದೆ, ಆಮೇಲೆ ತಕರಾರು ಬೇಡ ಎಂದು.

ತಾಯಿ ತೋರಿಸಿದಳು. ಹೊಸನಗರದಿಂದ ಬಂದ ಟೀಮಿನವರಿಗೆ ಸಂಜೆ ವಾಪಸು ಹೋಗಲು ಬಸ್ಸಿಲ್ಲವೆಂದು ಮುಂದಿನ ಆಟವನ್ನು ಬೆಳಿಗ್ಗೆಯೇ ಇಟ್ಟರು. ನಾನು ಸೆರಗು ಹೊದ್ದು ಹೆಂಗಸರ ಹಿಂದೆ ನಿಂತು ಗಂಡನನ್ನೇ ಕಣ್ಣಿಟ್ಟು ನೋಡಿದೆ. ಬೇರೆ ಗೋಲ್‌ಕೀಪರ್ ಇಲ್ಲದ್ದಕ್ಕೆ ಅವರನ್ನೇ ನಿಲ್ಲಿಸಿದ್ದರು. ಕಂಬಕ್ಕೆ ಕಾವಲಿಲ್ಲ. ಹಾಫ್ ಟೈಮ್ ಆಯಿತು, ಕಡೆ ಬದಲಾಯಿತು. ಆದರೂ ನಮ್ಮವರು ಹುಲಿಯ ಹಾಗೆ ಹಾರಿ ಹಾರಿ ಹಿಡಿದರು. ಹುಡುಗರನ್ನು ಗೋಲಿನ ಎದುರು ನಿಲ್ಲಿಸಿಕೊಳ್ಳದೆ ಮುಂದೆ ಹೋಗಿ ಎಂದು ಓಡಿಸಿದರು. ಕಾಲೊನಿ ಆ ವರ್ಷದ ಮೊದಲ ಆಟ ಗೆದ್ದಿತು.

"ಆಣೆಗೆ ಹೆದರಿ ಸರಿಯಾಗಿ ಆಡಿದ," ಎಂದ ಮಂಜಪ್ಪ. "ಹೊಸ ಟೀಮು ಕುದುರಿತು ನೋಡಿ," ಎಂದ ವರ್ಗೀಸ್. ನಾನು ಇಬ್ಬರನ್ನೂ ನಂಬಲಿಲ್ಲ. ಅಕ್ಕಿ ಆರಿಸುತ್ತಾ ಯೋಚಿಸಿದೆ. ಕಾವಲು ಇದ್ದಾಗ ಬಿದ್ದ ಗೋಲು ಇಲ್ಲದಾಗ ಬೀಳಲಿಲ್ಲ. ಕಡೆ ಬದಲಾದದ್ದೂ ಕಾರಣವಲ್ಲ. ಹಾಗಾದರೆ ಬೇರೆಯಾದದ್ದು ಯಾವುದು? ಆಟದ ಹೊತ್ತು ಮಾತ್ರ. ಬೇರೆ ಆಟಗಳೆಲ್ಲ ಮುಸ್ಸಂಜೆಗೆ ಮುಗಿಯುತ್ತಿದ್ದವು. ಅವತ್ತು ಎರಡೂ ಅರ್ಧ ಬಿಸಿಲಿನಲ್ಲಿ ಮುಗಿದಿದ್ದವು. ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ಅಂದು ಮುಸ್ಸಂಜೆ ನಾನು ದೀಪ ಹಚ್ಚಲಿಲ್ಲ. ಬಾಗಿಲ ಹೊರಗೆ ಮೆಟ್ಟಿಲ ಪಕ್ಕ ಸದ್ದಿಲ್ಲದೆ ನಿಂತೆ. ನನಗೆ ಎದುರುಮನೆಯ ತುಳಸಿಗಿಡ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ನಮ್ಮವರು ಗೋಡೆ ಸವರಿಕೊಂಡು ಹೊರಗೆ ಬಂದರು. ನನ್ನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು, "ಗಿರಿಜಾ, ಎಲ್ಲಿದ್ದೀ?" ಎಂದು ಬೀದಿಯ ಕಡೆಗೆ ಕೂಗಿದರು.

ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರೂ ಅತ್ತರು. ಆಮೇಲೆ ಒಂದೊಂದಾಗಿ ಹೊರಬಂತು. ತೀರ್ಥಹಳ್ಳಿಯ ಅವರ ದೊಡ್ಡಪ್ಪನಿಗೂ ಇದೇ ವಯಸ್ಸಿನಲ್ಲಿ ಮೊದಲು ಸಂಜೆ ಹೊತ್ತು ಕಣ್ಣು ಮಂಜಾಗಿ, ಕ್ರಮೇಣ ಹಗಲೂ ಹೋಗಿ, ಸಾಯುವವರೆಗೆ ಜಗುಲಿಯಲ್ಲಿ ಕೂತಿದ್ದರಂತೆ.

"ಅದೇ ನಂಗೂ ಬಂತು ಗಿರಿಜಾ. ಹೇಳಿದ್ರೆ ಜೀಪಿನ ಕೆಲಸ ಹೋಗುತ್ತೆ, ಕ್ವಾರ್ಟರ್ಸ್ ಹೋಗುತ್ತೆ. ಸಾಗರದಲ್ಲಿ ಕಣ್ಣಿನ ಡಾಕ್ಟರ ಬಾಗಿಲ ತನಕ ಹೋದೆ. ಒಳಗೆ ಹೋದ್ರೆ ಹೌದು ಅಂತಾರೆ ಅಂತ ಹೆದರಿ ವಾಪಸ್ ಬಂದೆ."

"ಮತ್ತೆ ಹುಡುಗರನ್ನೆಲ್ಲ ಗೋಲಿನ ಎದುರು ಯಾಕೆ ನಿಲ್ಲಿಸ್ಕಂತಿದ್ರಿ?"

"ಹತ್ರ ಇದ್ರೆ ಅವರ ಕಾಲಿನ ಸದ್ದಲ್ಲಿ ಬಾಲ್ ಯಾವ ಕಡೆ ಬರುತ್ತೆ ಅಂತ ಅಂದಾಜು ಸಿಗ್ತಿತ್ತು."

ಮಾರನೆಯ ದಿನ ತಾಳಗುಪ್ಪದ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಅವರನ್ನು ಹತ್ತಿಸಿಕೊಂಡು ಸಾಗರಕ್ಕೆ ಹೋದೆ. ಈ ಸಲ ಒಳಗೆ ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ಬೆಳಕು ಬಿಟ್ಟು ನೋಡಿದರು. ಕಾಮಾಲೆಯ ವಿಷಯ ಕೇಳಿದರು, ಪಥ್ಯದ ವಿಷಯ ಕೇಳಿದರು, ದೊಡ್ಡಪ್ಪನ ವಿಷಯವನ್ನೂ ಕೇಳಿದರು.

"ನೋಡಮ್ಮ, ಇರುಳುಗಣ್ಣು ಎರಡು ತರಹ. ಊಟದಲ್ಲಿ ಸತ್ವ ಇಲ್ಲದೆ ಬಂದಿದ್ದಾದರೆ ಈ ಮಾತ್ರೆಗೆ ಗುಣ ಆಗುತ್ತೆ. ವಂಶದಲ್ಲಿ ಬಂದಿದ್ದಾದರೆ ನನ್ನ ಹತ್ತಿರ ಔಷಧಿ ಇಲ್ಲ. ಯಾವುದು ಅಂತ ಮಾತ್ರೆ ತಗೊಂಡ ಮೇಲೇ ಗೊತ್ತಾಗೋದು. ಆ ಪಥ್ಯ ಇವತ್ತಿಗೇ ಬಿಡಿ."

ವಾಪಸು ಇಳಿದಾಗ ಕತ್ತಲಾಗಿತ್ತು. ಯಾರಿಗೂ ಗೊತ್ತಾಗಬಾರದೆಂದು ಚೀಲದ ಒಂದು ಹಿಡಿ ಅವರ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಹಿಡಿದು ಮನೆಗೆ ಕರೆದುಕೊಂಡು ಬಂದೆ. ನೋಡಿದವರು ಗಂಡ ಹೆಂಡತಿ ಸೇರಿ ಭಾರ ಹೊರುತ್ತಿದ್ದಾರೆ ಎಂದುಕೊಂಡಿರಬೇಕು.

ಅತ್ತೆಗೆ ಕಾಗದ ಬರೆಯದೆಯೇ ಪಥ್ಯ ಮುರಿದೆ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಪಪ್ಪಾಯಿ, ಮೊಟ್ಟೆ, ತುಪ್ಪ. ದಿನಾ ಮುಸ್ಸಂಜೆ ಅವರ ಎದುರು ನಿಂತು ಕಾಣುತ್ತಾ ಎಂದು ಕೇಳುವುದು, ಅವರು ತಲೆ ಅಲ್ಲಾಡಿಸುವುದು. ಚೌಡಮ್ಮ ಕೇಳಿದ್ದನ್ನು ತೋರಿಸಿದ್ದಳು, ಮೂಗುಬೊಟ್ಟು ಆಗಲೇ ಅವಳಿಗೆ ಸಲ್ಲಬೇಕಾಗಿತ್ತು. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಕಣ್ಣು ಬರಲಿ, ಆಮೇಲೆ ಕೊಟ್ಟರಾಯಿತು, ಅರ್ಧ ಕೆಲಸಕ್ಕೆ ಪೂರ್ತಿ ಹರಕೆ ಯಾಕೆ ಎಂದು ಹಿಡಿದಿಟ್ಟುಕೊಂಡಿದ್ದೆ. ಎರಡನೆಯ ವಾರ ಒಂದು ಸಂಜೆ ಅವರು, "ಕೇಳಬೇಡ ಗಿರಿಜಾ, ಸಾಕು" ಎಂದು ಒಳಗೆ ಹೋದರು. ಕಣ್ಣಿಲ್ಲದೆ ಜಗುಲಿಯಲ್ಲಿ ಕೂತ ಗಂಡನೇ ಎದುರು ಬಂದಂತಾಯಿತು.

ಮಾರನೆಯ ಮಧ್ಯಾಹ್ನ ಮರದ ಬುಡಕ್ಕೆ ಹೋಗಿ, ಮೂಗುಬೊಟ್ಟು ಬಿಚ್ಚಿ ಅಮ್ಮನ ಕಲ್ಲಿನ ಮುಂದಿಟ್ಟೆ. ಇಂಥದ್ದು ಮಾಡು, ಆಗ ಕೊಡುತ್ತೇನೆ ಎಂಬ ಮಾತು ಅವತ್ತು ಬಾಯಿಗೆ ಬರಲಿಲ್ಲ. "ತಗೋ ಅಮ್ಮಾ, ನಿನ್ನದು" ಎಂದಷ್ಟೇ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂಗಿನ ತೂತು ಮುಚ್ಚಿಹೋಗದಿರಲೆಂದು ಪೊರಕೆಯ ಹಿಡಿಕಡ್ಡಿಯ ಒಂದು ಚೂರು ಮುರಿದು ಸಿಕ್ಕಿಸಿಕೊಂಡೆ.

ಮತ್ತೆ ಕೆಲವು ದಿನ ಕಳೆದವು. ನಾನು ಕೇಳುವುದನ್ನು ಬಿಟ್ಟಿದ್ದೆ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ದೀಪ ಹಚ್ಚಿರಲಿಲ್ಲ, ಎದುರುಮನೆಯ ತುಳಸಿ ಕಪ್ಪಗಾಗಿತ್ತು. ನಮ್ಮವರು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು.

"ಎಂತದೇ ಅದು," ಎಂದರು, "ಮೂಗಿಗೆ ಕಡ್ಡಿ ಸಿಕ್ಕಿಸ್ಕಂಡಿದ್ದೀ? ಬೊಟ್ಟು ಎಲ್ಲಿ?"

ಕೇಳಿದ ಮೇಲೆ ತಾವೇ ಬಾಯಿಗೆ ಕೈ ಇಟ್ಟುಕೊಂಡರು. ಮಡಿಲಲ್ಲಿದ್ದ ಅವರೆಕಾಳೆಲ್ಲ ಮೆಟ್ಟಿಲ ಕೆಳಗೆ ಉರುಳಿದವು. ಆ ಕತ್ತಲಲ್ಲಿ ಒಂದೊಂದೇ ಕಾಳನ್ನು ಹುಡುಕಿ ಹೆಕ್ಕಿಕೊಟ್ಟವರು ಅವರೇ.

ಆಮೇಲೆ ಅವರೇ ಚೌಡಮ್ಮನ ಎದುರು ಎಲ್ಲರನ್ನೂ ಕರೆದು, ಕಣ್ಣನ್ನು ಮುಚ್ಚಿಟ್ಟಿದ್ದೆ, ದುಡ್ಡು ಮುಟ್ಟಿಲ್ಲ ಎಂದು ಆಣೆ ಮಾಡಿದರು. ಮಂಜಪ್ಪ ಕಣ್ಣೊರೆಸಿಕೊಂಡ. ಆದರೂ ಡಿಫೆನ್ಸ್ ಒಳ್ಳೆಯದೇ ಇತ್ತು ಎಂದು ವರ್ಗೀಸ್ ಹೇಳಿದಾಗ ಇಬ್ಬರಿಗೂ ಅಲ್ಲೇ ಜಗಳ ಶುರುವಾಯಿತು. ಸಂಜೆಯ ಆಟಗಳಲ್ಲೂ ನಮ್ಮವರು ಮತ್ತೆ ಗೋಲು ಕಾದರು. ರಾತ್ರಿ ಜೀಪನ್ನೂ ಓಡಿಸಿದರು.

ಮಾತ್ರೆಯಿಂದ ಆಯಿತು, ಸೊಪ್ಪಿನಿಂದ ಆಯಿತು ಎನ್ನುವವರಿಗೆ ನಾನು ಇಲ್ಲ ಎನ್ನುವುದಿಲ್ಲ. ಆದರೆ ಹೊಸನಗರದವರ ಬಸ್ಸನ್ನು ಅವತ್ತು ಸಂಜೆ ಇಲ್ಲದ ಹಾಗೆ ಮಾಡಿದ್ದು ಯಾರು ಎಂದು ಕೇಳುತ್ತೇನೆ. ಇವತ್ತಿಗೂ ನಾನು ಹಾಲಿಗೆ ಬೆರಳದ್ದಿಯೇ ನೋಡುತ್ತೇನೆ. ಅಮ್ಮನ ಹತ್ತಿರ ಹೋಗುವಾಗ ಮಾತ್ರ ಹರಕೆಯನ್ನು ಮೊದಲು ಒಪ್ಪಿಸಿ, ಆಮೇಲೆ ಬೇಡಿಕೊಳ್ಳುತ್ತೇನೆ.